ಬಯಲುನಾಡಿನ ರಸಿಕನಿಗೆ ಸಮುದ್ರಯಾನದ ಕೈಪಿಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ದಡವುಳ್ಳದ್ದು. ಕೆರೆಗೆ ಏರಿಯುಂಟು, ಬಾವಿಗೆ ಕಟ್ಟೆಯುಂಟು. ಮುನಿರಾಬಾದಿನ ಜಲಾಶಯವು ತುಂಬಿ ನಿಂತ ಶ್ರಾವಣ ಭಾದ್ರಪದಗಳಲ್ಲಿಯೂ ಅದರ ಆಚೆಗಿನ ಗುಡ್ಡಗಳು ಕಣ್ಣಿಗೆ ತೋರುತ್ತಲೇ ಇರುತ್ತವೆ. ನಮ್ಮ ತುಂಗಭದ್ರೆಯಾದರೋ ಪಶ್ಚಿಮ ಸಮುದ್ರಕ್ಕೆ ಅಷ್ಟು ಸಮೀಪದ ಸಹ್ಯಾದ್ರಿಯಲ್ಲಿ ಜನ್ಮ ತಾಳಿಯೂ ಅದಕ್ಕೆ ವಿಮುಖಳಾಗಿ, ಬಯಲುಗಳನ್ನು ಹಾಯ್ದು, ಕೃಷ್ಣೆಯನ್ನು ಕೂಡಿ, ಪೂರ್ವದ ಕಡಲಿಗೆ ಸಲ್ಲುವವಳು. ಇಂಥ ಸೀಮೆಯ ಮನುಷ್ಯನು ಹಡಗನ್ನೇರಿ ನಾಲ್ಕು ದಿನ ನೀರಿನ ಮೇಲಿದ್ದು ಬರುವೆನೆಂದರೆ ಮನೆಯ ಹಿರಿಯರು ಹುಬ್ಬೇರಿಸುವುದು ಸಹಜವೇ ಸರಿ.

ಆದರೂ ಈ ನೆಲಕ್ಕೂ ಪಶ್ಚಿಮ ಸಮುದ್ರಕ್ಕೂ ಇರುವ ಬಳಕೆ ನಿನ್ನೆ ಮೊನ್ನೆಯದಲ್ಲ. ಆನೆಗೊಂದಿಯ ಇದಿರು ದಡದ ವಿಜಯನಗರದ ಅಶ್ವಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ಥಾನ, ಪಾರಸೀಕ ದೇಶಗಳಿಂದ ಹಡಗಿನಲ್ಲಿ ಬಂದು, ಗೋವೆ ಭಟ್ಕಳಗಳಲ್ಲಿ ಇಳಿದು, ಘಟ್ಟವನ್ನೇರಿ ಇತ್ತ ಬರುತ್ತಿದ್ದುವು. ಆ ರಾಜಧಾನಿಯ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸ ನೂನಿಜನೂ ಕುದುರೆಯ ವ್ಯಾಪಾರಿಯೇ. 19ನೆಯ ಶತಮಾನದ ಕೊನೆಯಲ್ಲಿ ರೈಲುಹಾದಿಯು ಬಂದಾಗ ಅದು ಮುರ್ಮುಗೋವಾ ಬಂದರಿನಿಂದ ಹೊರಟು, ಕ್ಯಾಸಲ್‌ರಾಕಿನ ಬಳಿ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೇಲೆ ಗುಂತಕಲ್ಲನ್ನು ಮುಟ್ಟಿತು. ಕೊಪ್ಪಳದ ನಡುವೆ ಹಾಯುವ ಹೆದ್ದಾರಿಯೂ, ಹಳೆಯ ಗಣನೆಯಲ್ಲಿ 63ನೆಯದು, ಅಂಕೋಲೆಯ ಕಡಲ ಬದಿಯಿಂದಲೇ ಮೊದಲಾಗುತ್ತಿತ್ತು. ಹಾದಿಯು ಎಂದಿನಿಂದಲೋ ಇದೆ. ಕೊನೆಯವರೆಗೆ ಹೋಗಿ ನೋಡಿದವರು ಮಾತ್ರ ಕಡಿಮೆ.

ಸಮುದ್ರಯಾನವೂ ಒಂದು ಕಲಾಪ್ರಕಾರವೆಂದು ಗ್ರಹಿಸಿಯೇ ನಾನು ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದಕ್ಕೆ ಪೂರ್ವಾಂಗ ಉತ್ತರಾಂಗಗಳುಂಟು, ವಿಳಂಬಗತಿಯುಂಟು, ಅಭ್ಯಾಸವಿಲ್ಲದ ಕಣ್ಣಿಗೆ ಏನೂ ಜರುಗದಂತೆ ತೋರುವ ದೀರ್ಘ ಅಂತರಗಳುಂಟು. ಹೊಸಬರು ಯಾನವು ಹಡಗಿನ ಮೆಟ್ಟಿಲಿನಿಂದ ಆರಂಭವಾಗುವುದೆಂದು ಬಗೆದು, ಹಡಗು ಹೊರಡುವ ದಿನದ ಮುಂಜಾನೆ ರೈಲಿನಿಂದಿಳಿದು, ಬೆವರೊರೆಸಿಕೊಳ್ಳುತ್ತ ಬಂದರಿಗೆ ಓಡುತ್ತಾರೆ. ಇಟಗಿಯ ಮಹಾದೇವ ದೇವಾಲಯವನ್ನು ಬಲ್ಲವರಿಗೆ ಇದರ ದೋಷವನ್ನು ವಿವರಿಸುವುದು ಸುಲಭ: 1112ರಲ್ಲಿ ಅದನ್ನು ಕಟ್ಟಿಸಿದ ದಂಡನಾಯಕ ಮಹಾದೇವನು ಭಕ್ತನನ್ನು ಬಿಸಿಲಿನಿಂದ ನೇರವಾಗಿ ಗರ್ಭಗೃಹಕ್ಕೆ ನೂಕದೆ, ಮೊದಲು ಕಂಬಗಳ ತೆರೆದ ಮಂಟಪ, ಆಮೇಲೆ ಮುಚ್ಚಿದ ಮಂಟಪ, ಆಮೇಲೆ ಅಂತರಾಳ ಎಂಬ ಕ್ರಮದಲ್ಲಿ ಅವನ ಕಣ್ಣನ್ನು ಬೆಳಕಿನಿಂದ ಕತ್ತಲೆಗೆ ಒಗ್ಗಿಸುತ್ತ ಒಯ್ಯುತ್ತಾನೆ. ಬಂದರಿನ ವಾಸವು ಯಾನದ ಆ ತೆರೆದ ಮಂಟಪ. ಅದನ್ನು ದಾಟದೆ ಒಳಹೊಕ್ಕವನಿಗೆ ಕಡಲು ಕಾಣುವುದಿಲ್ಲವೆಂದಲ್ಲ; ಅವನು ಕಾಣುವ ಹೊತ್ತಿಗೆ ಯಾನವು ಅರ್ಧ ಮುಗಿದಿರುತ್ತದೆ.

ಕಾಲವನ್ನು ಮೊದಲು ಗೊತ್ತುಮಾಡತಕ್ಕದ್ದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರವು ಮಳೆಗಾಳಿಯ ವಶ. ನಮ್ಮವರು ನೂಲಹುಣ್ಣಿಮೆಯೆನ್ನುವ ದಿನ ಕೊಂಕಣ ತೀರದ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮರಳಿ ದೋಣಿ ಇಳಿಸುತ್ತಾರಾದರೂ ವಿಹಾರಕ್ಕೆ ಹೋಗುವವನು ನವೆಂಬರಿನ ತನಕ ತಾಳುವುದು ಲೇಸು. ನವೆಂಬರಿನಿಂದ ಫೆಬ್ರುವರಿಯವರೆಗೆ ಕಡಲು ಸೌಮ್ಯ. ಗಂಗಾವತಿಯ ರೈತನಿಗೆ ಭತ್ತದ ಕಟಾವು ಮುಗಿದ ಬಿಡುವೂ ಆಗಲೇ. ಕೊಪ್ಪಳದವರಿಗೆ ಜನವರಿಯ ಗವಿಸಿದ್ಧೇಶ್ವರನ ಜಾತ್ರೆಯನ್ನು ತಪ್ಪಿಸಿಕೊಳ್ಳಬಾರದೆಂಬ ಕಟ್ಟು ಇರುವುದರಿಂದ ಅದರ ಹಿಂದೆಯೋ ಮುಂದೆಯೋ ದಿನ ಹಿಡಿಯಬೇಕು.

ಬಂದರುಗಳಲ್ಲಿ ಮಂಗಳೂರಿನ ಪಣಂಬೂರಿಗೆ ಬರುವ ವಿಹಾರನೌಕೆಗಳು ಬಹುಮಟ್ಟಿಗೆ ವಿದೇಶದವು. ಅವುಗಳ ಪ್ರಯಾಣಿಕರು ಒಂದು ಹಗಲು ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಗೇರುಬೀಜದ ಕಾರ್ಖಾನೆಯನ್ನೂ ನೋಡಿ, ಸಂಜೆಗೆ ಮರಳಿ ಏರುವರು. ಆರಂಭಿಕನಿಗೆ ನಾನು ಹೇಳುವುದು ಮುಂಬಯಿಯನ್ನು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, 211 ಮೀಟರು ಉದ್ದದ ‘ಎಂಪ್ರೆಸ್’ ಎಂಬ ನೌಕೆ 2021ರಲ್ಲಿ ಅಲ್ಲಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚಾರಕ್ಕೆ ತೊಡಗಿದ ಮೇಲೆ ದೇಶದೊಳಗಿನ ಯಾನವು ಮಧ್ಯಮ ವರ್ಗದವರ ಕೈಗೂ ಎಟುಕಿದೆ. ಮುಂಬಯಿಗೆ ಹೋಗಲು ಕುಷ್ಟಗಿಯವರಿಗೆ ವಿಜಯಪುರ, ಸೊಲ್ಲಾಪುರಗಳ ಮೇಲೆ ರಸ್ತೆಯುಂಟು. 2025ರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ರೈಲು ಯಲಬುರ್ಗಾದ ಮೇಲೆ ಕುಷ್ಟಗಿಯ ತನಕ ಬಂದುದರಿಂದ ಆ ಎರಡು ಊರುಗಳವರೂ ಈಗ ಮನೆಬಾಗಿಲಲ್ಲೇ ಗಾಡಿ ಹತ್ತಬಹುದು.

ಹಡಗು ಹೊರಡುವುದಕ್ಕೆ ಎರಡು ದಿನ ಮೊದಲೇ ಮುಂಬಯಿಯನ್ನು ಸೇರತಕ್ಕದ್ದು. ‘ಎರಡು ದಿನ ಮೊದ್ಲ ಹೋಗಿ ಅಲ್ಲೇನ್ ಮಾಡೂದೈತಿ?’ ಎಂದು ಮನೆಯಲ್ಲಿ ಕೇಳಿಯೇ ಕೇಳುವರು. ರೈಲು ತಡವಾದರೆ ಹಡಗು ಕಾಯದೆಂಬುದು ಲೌಕಿಕವಾದ ಉತ್ತರ; ಅದೂ ಸತ್ಯವೇ, ನೌಕೆಯು ಹೊರಡುವುದಕ್ಕೆ ಕೆಲವು ಗಂಟೆ ಮುಂಚೆಯೇ ಹತ್ತುವ ಬಾಗಿಲನ್ನು ಮುಚ್ಚುತ್ತಾರೆ. ನನ್ನ ಉತ್ತರ ಬೇರೆ: ಉಬ್ಬರವಿಳಿತವನ್ನು ಕಣ್ಣಾರೆ ನೋಡಲು ಕನಿಷ್ಠ ಎರಡು ದಿನ ಬೇಕು. ಮುಂಬಯಿಯ ಕೋಟೆಯ ಭಾಗದಲ್ಲಿ, ಹಡಗನ್ನೇರುವ ಬ್ಯಾಲಾರ್ಡ್ ಪಿಯರಿಗೆ ನಡೆದು ಹೋಗುವಷ್ಟು ಸಮೀಪದಲ್ಲಿ ಒಂದು ಸಾಧಾರಣ ವಸತಿಗೃಹವನ್ನು ಹಿಡಿದು, ಮೊದಲ ದಿನ ಗೇಟ್‌ವೇ ಆಫ್ ಇಂಡಿಯಾದ ಬಳಿ ನೀರಿಗಿಳಿಯುವ ಮೆಟ್ಟಿಲುಗಳ ಮುಂದೆ ನಿಲ್ಲಿರಿ. ಒಣಗಿದ ಕಲ್ಲು ಎಲ್ಲಿ ಮುಗಿದು ಹಸುರು ಪಾಚಿಯ ಪಟ್ಟಿ ಎಲ್ಲಿ ತೊಡಗುವುದೋ ಅದನ್ನು ನೋಡಿ, ನೀರು ಯಾವ ಮೆಟ್ಟಿಲಲ್ಲಿದೆಯೆಂದು ಎಣಿಸಿ, ಗಡಿಯಾರವನ್ನು ನೋಡಿಕೊಳ್ಳಿರಿ. ಆರು ಗಂಟೆ ಕಳೆದು ಬಂದರೆ ಅಲ್ಲಿ ಬೇರೆಯೇ ಒಂದು ತೀರವಿರುತ್ತದೆ. ಆಗ ತೇಲುತ್ತಿದ್ದ ದೋಣಿಯ ಅಂಚು ಕಾಲಮಟ್ಟದಲ್ಲಿದ್ದರೆ ಈಗ ಅದಕ್ಕೆ ಇಳಿಯಲು ಕೈಯಾಸರೆ ಬೇಕು. ಮರುದಿನ ಅದೇ ಉಬ್ಬರಕ್ಕೆ ಕಾದರೆ ಅದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಏಕೆಂದರೆ ಚಂದ್ರನೂ ದಿನದಿನಕ್ಕೆ ಅಷ್ಟೇ ತಡವಾಗಿ ಮೂಡುವವನು. ಪಂಚಾಂಗವನ್ನು ಬಲ್ಲ ನಮ್ಮ ಹಿರಿಯರಿಗೆ ಇದರಲ್ಲಿ ಪ್ರವೇಶ ಸುಲಭ: ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ನೀರು ನಾಲ್ಕು ಮೀಟರಿಗೂ ಮಿಕ್ಕು ಏರಿಳಿಯುತ್ತದೆ, ಉಬ್ಬರವು ಮಧ್ಯಾಹ್ನ ಮಧ್ಯರಾತ್ರಿಗಳ ಹೊತ್ತಿಗೆ ಬರುತ್ತದೆ, ಅಷ್ಟಮಿಯಂದು ಏರಿಳಿತವು ಅತ್ಯಲ್ಪ. ತಿಥಿಯನ್ನು ಕೇವಲ ಉಪವಾಸ, ಹಬ್ಬಗಳಿಗಾಗಿ ಎಣಿಸುತ್ತ ಬಂದವನು ಅದೇ ತಿಥಿಯು ಇಷ್ಟು ನೀರನ್ನು ಎತ್ತಿ ಇಳಿಸುವುದನ್ನು ಕಂಡನೆಂದರೆ, ಮುಂದೆ ಹಡಗಿನ ಮೇಲೆ ಅವನು ಕೇಳುವ ಪ್ರಶ್ನೆಗಳ ಜಾತಿಯೇ ಬೇರೆಯಾಗುತ್ತದೆ.

ಎರಡನೆಯ ದಿನದ ಬೆಳಗಿನ ಜಾವ ಕೊಲಾಬಾದ ಸಸೂನ್ ಡಾಕಿಗೆ ಹೋಗತಕ್ಕದ್ದು. 1875ರಲ್ಲಿ ಕಟ್ಟಿದ ಆ ಧಕ್ಕೆಗೆ ರಾತ್ರಿಯ ಮೀನು ದೋಣಿದೋಣಿಯಾಗಿ ಬಂದು ಬೀಳುವ ಗಲಾಟೆಯಲ್ಲಿ, ಕಡಲೆಂಬುದು ಕೆಲವರ ಹೊಲವೂ ಹೌದೆಂಬ ಅರಿವು ಮೂಡುತ್ತದೆ. ಶಾಕಾಹಾರಿಗಳು ಮೂಗಿಗೆ ವಸ್ತ್ರ ಹಿಡಿದಾದರೂ ಅರ್ಧ ಗಂಟೆ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಬಿಸಿಲೇರಿದ ಮೇಲೆ ಗೇಟ್‌ವೇಯಿಂದ ದೋಣಿ ಹಿಡಿದು ಒಂದು ಗಂಟೆಯ ದಾರಿಯ, ಗುಹೆಗಳ ದ್ವೀಪವಾದ ಘಾರಾಪುರಿಗೆ ಹೋಗಿರಿ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಈ ಚಿಕ್ಕ ದೋಣಿಯ ಓಲಾಟದಲ್ಲಿ ನಿಮ್ಮ ಹೊಟ್ಟೆಯ ಸ್ವಭಾವವು ತಿಳಿದುಬರುವುದು ಒಂದು ಲಾಭ. ಇನ್ನೊಂದು ನಮ್ಮ ಚರಿತ್ರೆಗೆ ಸೇರಿದ್ದು. ಕುಷ್ಟಗಿಯಿಂದ ದೂರವಲ್ಲದ ಐಹೊಳೆಯಲ್ಲಿ ರವಿಕೀರ್ತಿಯು 634ರಲ್ಲಿ ಬರೆದ ಶಾಸನವು, ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳೊಡನೆ ಪಶ್ಚಿಮ ಸಮುದ್ರದ ಪುರಿಯೆಂಬ ನಗರಿಯನ್ನು ಮುತ್ತಿದನೆಂದು ಹೇಳುತ್ತದೆ. ಆ ಪುರಿಯು ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರು ಎಣಿಸಿದ್ದಾರೆ. ಮಲಪ್ರಭೆಯ ದಡದ ಅರಸನಿಗೆ ನೌಕಾಬಲವಿತ್ತೆಂಬುದನ್ನು ದೋಣಿಯ ಹಲಗೆಯ ಮೇಲೆ ಕುಳಿತು ನೆನೆದರೆ, ಬಯಲುನಾಡಿನವನಿಗೆ ಹಡಗೇಕೆ ಎಂಬ ಸಂಕೋಚವು ತಾನಾಗಿ ಸಡಿಲುತ್ತದೆ.

ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನು ಈ ಎರಡು ದಿನಗಳಲ್ಲಿಯೇ ಮುಗಿಸಿಬಿಡಿರಿ. ಕಟಕ ರೊಟ್ಟಿ, ಶೇಂಗಾ ಹಿಂಡಿಗಳಿಗೆ ಹಡಗಿನ ತಪಾಸಣೆಯಲ್ಲಿ ಪ್ರವೇಶ ಸಿಗುವುದು ಸಂದೇಹ. ಒಳಗೆ ಅನ್ನಕ್ಕೇನೂ ಕೊರತೆಯಿಲ್ಲ, ಕೊರತೆಯಿರುವುದು ಹಸಿವಿಗೆ. ಆಧಾರ್ ಮುಂತಾದ ಸರಕಾರಿ ಗುರುತಿನ ಚೀಟಿಯ ಮೂಲಪ್ರತಿಯನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಿರಿ, ಏಕೆಂದರೆ ದೊಡ್ಡ ಪೆಟ್ಟಿಗೆಗೆ ಚೀಟಿ ಕಟ್ಟಿ ಧಕ್ಕೆಯಲ್ಲಿಯೇ ಒಪ್ಪಿಸಬೇಕಾಗುತ್ತದೆ, ಅದು ನಿಮ್ಮ ಕೋಣೆಗೆ ಬಂದು ಸೇರುವುದು ಸಂಜೆಗೆ. ಕೋಣೆಯ ವಿಷಯದಲ್ಲಿ ನನ್ನ ಮತವು ಮಾರುವವರ ಮತಕ್ಕೆ ವಿರುದ್ಧವಾದದ್ದು. ಕಿಟಕಿಯಿಲ್ಲದ ಒಳಗೋಣೆ ಎಲ್ಲಕ್ಕಿಂತ ಅಗ್ಗ. ಅದನ್ನೇ, ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯಿರಿ. ಓಲಾಟವು ಅಲ್ಲಿ ಕನಿಷ್ಠ. ಕಡಲು ಕಾಣದ ಕೋಣೆಯವನು ಕಡಲನ್ನು ನೋಡಲು ಮೇಲೆ ಬಂದೇ ಬರುತ್ತಾನೆ. ಬಾಲ್ಕನಿಯುಳ್ಳವನು ಕುರ್ಚಿಯಲ್ಲಿಯೇ ನಿದ್ದೆ ಹೋಗುತ್ತಾನೆ.

ಹೊರಡುವ ಮುನ್ನ ಪ್ರಾಣರಕ್ಷಣೆಯ ಕವಾಯತು ನಡೆಯುತ್ತದೆ. ಅದನ್ನು ತಮಾಷೆಯೆಂದು ತಿಳಿಯಬೇಡಿರಿ. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ 1914ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಪ್ಪಂದದ ಪರಂಪರೆ ಅದು. ಮುಗಿದೊಡನೆ ಧಕ್ಕೆಯ ಕಡೆಗಿನ ಅಟ್ಟದ ಅಂಚಿಗೆ ಹೋಗಿ ನಿಲ್ಲತಕ್ಕದ್ದು, ಏಕೆಂದರೆ ಇಡೀ ಯಾನದಲ್ಲಿ ನಿರ್ಗಮನಕ್ಕಿಂತ ರಮ್ಯವಾದ ಪ್ರಕರಣವಿಲ್ಲ. ದಡದ ಕೂಲಿಗಳು ಕಬ್ಬಿಣದ ಗೂಟದಿಂದ ತೋಳುಗಾತ್ರದ ಹಗ್ಗದ ಕುಣಿಕೆಯನ್ನು ಕಳಚಿ ನೀರಿಗೆ ಬಿಡುತ್ತಾರೆ. ಹಗ್ಗವು ನೀರು ಸೋರಿಸುತ್ತ ಹಡಗಿನೊಳಗೆ ಎಳೆದುಕೊಳ್ಳಲ್ಪಡುತ್ತದೆ. ಹಡಗಿಗೂ ಕಲ್ಲಿಗೂ ನಡುವೆ ಮೊದಲು ಗೇಣಗಲ, ಮತ್ತೆ ಮಾರಗಲ ಕಂದುನೀರು ತೆರೆಯುತ್ತದೆ. ಯಂತ್ರದ ಸದ್ದು ಬದಲಾದುದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಹೆಚ್ಚಿನವರು ಇಷ್ಟಕ್ಕೆ ಊಟದ ಮನೆಗೆ ತೆರಳುವರು. ನೀವು ಇನ್ನೂ ಒಂದು ಗಂಟೆ ನಿಲ್ಲಿರಿ. ಬಂದರಿನ ಕಾಲುವೆಯುದ್ದಕ್ಕೂ ಹಡಗನ್ನು ನಡೆಸಲು ಕಪ್ತಾನನ ಪಕ್ಕದಲ್ಲಿ ಆ ಬಂದರಿನ ಪೈಲಟ್ ಇರುತ್ತಾನೆ. ಹೊರಸಮುದ್ರ ಸಮೀಪಿಸಿದಾಗ ಚಿಕ್ಕದೊಂದು ದೋಣಿ ಹಡಗಿನ ಪಕ್ಕೆಗೆ ಬಂದು ಅದೇ ವೇಗದಲ್ಲಿ ಓಡತೊಡಗುತ್ತದೆ, ಹಡಗಿನ ಗೋಡೆಯ ಒಂದು ಬಾಗಿಲಿನಿಂದ ಹಗ್ಗದ ಏಣಿ ಇಳಿಯುತ್ತದೆ, ಅದರ ಕೊನೆಯ ಮೆಟ್ಟಿಲಲ್ಲಿ ಪೈಲಟ್ ಕ್ಷಣಕಾಲ ತಡೆದು, ಅಲೆಯು ದೋಣಿಯನ್ನು ಮೇಲೆತ್ತುವ ಸಮಯ ನೋಡಿ, ಕಾಲಿಟ್ಟುಬಿಡುತ್ತಾನೆ. ಬೆಲೆ ಕೊಟ್ಟು ನೋಡುವ ಯಾವ ಮನೋರಂಜನೆಯೂ ಆ ಒಂದು ಹೆಜ್ಜೆಗೆ ಸಮವಲ್ಲ.

ನಡುಗಡಲಿನಲ್ಲಿ ನೋಡುವುದಕ್ಕೇನಿದೆಯೆಂದು ಕೇಳುವವರಿಗೆ ಮೊದಲು ದಿಗಂತವನ್ನು ಅಳೆಯಲು ಹೇಳುತ್ತೇನೆ. ತೀರದಲ್ಲಿ ನಿಂತವನಿಗೆ ದಿಗಂತವು ಸುಮಾರು 4.5 ಕಿಲೋಮೀಟರು ದೂರ. ನೀರಿನಿಂದ 30 ಮೀಟರು ಎತ್ತರದ ಅಟ್ಟದ ಮೇಲಿಂದ ಅದು ಸುಮಾರು 20 ಕಿಲೋಮೀಟರಿಗೆ ಸರಿಯುತ್ತದೆ. ಎದುರಿನಿಂದ ಬರುವ ಹಡಗಿನ ತುದಿ ಮೊದಲು, ಒಡಲು ಆಮೇಲೆ ಕಾಣುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದವರು ಇಲ್ಲಿ ಪ್ರತ್ಯಕ್ಷ ನೋಡಬಹುದು. ಸಂಜೆ ಎಡಬದಿಯಲ್ಲಿ ತೀರದ ದೀಪಸ್ತಂಭಗಳು ಒಂದೊಂದಾಗಿ ಕಂಡಾಗ ಅವುಗಳ ಮಿನುಗಿನ ಅಂತರವನ್ನು ಎಣಿಸಿರಿ. ಪ್ರತಿ ದೀಪಕ್ಕೂ ತನ್ನದೇ ಆದ ಲಯವಿದ್ದು, ನಾವಿಕನು ಅದರಿಂದಲೇ ಸ್ಥಳವನ್ನು ಗುರುತಿಸುತ್ತಾನೆ. ರಾತ್ರಿ ದೀಪಗಳಿಂದ ದೂರವಾದ ಮೂಲೆಯಿಂದ ಹಡಗು ಸೀಳಿದ ನೀರನ್ನು ನೋಡಿದರೆ, ಭಾಗ್ಯವಿದ್ದಲ್ಲಿ, ಸೂಕ್ಷ್ಮಜೀವಿಗಳು ಸೂಸುವ ನೀಲಪ್ರಭೆ ಕಾಣಿಸೀತು. ತಲೆ ತಿರುಗಿದರೆ ಹಾಸಿಗೆ ಹಿಡಿಯದೆ ಮೇಲೆ ಬಂದು ದಿಗಂತದಲ್ಲಿ ಕಣ್ಣು ನೆಡಿರಿ, ಹೊಟ್ಟೆಯನ್ನು ಪೂರ್ತಿ ಬರಿದಾಗಿಯೂ ಇಡಬೇಡಿರಿ. ಗುಳಿಗೆಯನ್ನು ನುಂಗುವುದಿದ್ದರೆ ವೈದ್ಯರನ್ನು ಕೇಳಿ ಮೊದಲೇ ನುಂಗತಕ್ಕದ್ದು. ಜೂಜುಕಟ್ಟೆ, ಕಿವಿಗಡಚಿಕ್ಕುವ ಕುಣಿತಗಳ ವಿಷಯ ನಾನು ಹೇಳಬೇಕಾದ್ದಿಲ್ಲ. ಅವು ಎಲ್ಲ ಊರಿನಲ್ಲಿಯೂ ದೊರೆಯುತ್ತವೆ. ಓದಲು ಒಂದು ಪುಸ್ತಕ ಬೇಕೆಂದರೆ ಗೋಕಾಕರ ‘ಸಮುದ್ರ ಗೀತೆಗಳು’ ಇರಲಿ: ಸವಣೂರಿನಲ್ಲಿ ಹುಟ್ಟಿದ ಅವರೂ ಬಯಲುಸೀಮೆಯವರೇ, 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ಕಾಲದ ಸಮುದ್ರಾನುಭವವೇ ಅವರಿಗೆ ಕಾವ್ಯವಾಗಿ ಒದಗಿತು.

ಎರಡನೆಯ ಯಾನಕ್ಕೆ ಕೊಚ್ಚಿಯಿಂದ ಲಕ್ಷದ್ವೀಪವನ್ನು ಆರಿಸಿಕೊಳ್ಳಿರಿ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದುವೆಂಬುದು ಕನ್ನಡಿಗರಿಗೇ ಮರೆತುಹೋಗಿದೆ. ಅಲ್ಲಿಗೆ ಹೋಗುವ ಹಡಗುಗಳು ವೈಭವದವಲ್ಲ. ದ್ವೀಪವಾಸಿಗಳು ತಮ್ಮ ಅಕ್ಕಿಮೂಟೆ, ಮಕ್ಕಳುಮರಿಗಳೊಡನೆ ಹೋಗಿಬರುವ ಹಡಗುಗಳವು, ಆದ್ದರಿಂದಲೇ ನೋಡತಕ್ಕವು. ಪ್ರವೇಶದ ಪರವಾನಗಿ ಮುಂಚಿತವಾಗಿ ಪಡೆಯಬೇಕಾದುದರಿಂದ ಅರ್ಜಿಯನ್ನು ವಾರಗಳ ಮೊದಲೇ ಹಾಕಿರಿ. ಹವಳದ ದಿಬ್ಬದೊಳಗಿನ ನೀರು ಆಳವಿಲ್ಲದೆ ದೊಡ್ಡ ಹಡಗು ಅನೇಕ ದ್ವೀಪಗಳಲ್ಲಿ ಹೊರಗೇ ನಿಲ್ಲುತ್ತದೆ. ಅಲ್ಲಿ ಪ್ರಯಾಣಿಕರು ಓಲಾಡುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ಮೊಣಕಾಲು ನೋವಿನ ಹಿರಿಯರಿಗೆ ಮುಂಬಯಿ ಗೋವೆಗಳ ಯಾನವೇ ಸಾಕು. ಅಲ್ಲಿ ಧಕ್ಕೆಯಿಂದ ಹಡಗಿಗೆ ನಡೆದೇ ಹೋಗಬಹುದು.