ಲಾವಣಿಯ ವೀರರೂ ಶರಣರ ಒರೆಗಲ್ಲೂ

ಸರಕಾರವು ದರೋಡೆಕಾರನೆಂದು ಕರೆದವನನ್ನು ಜನಪದವು ವೀರನೆಂದು ಹಾಡುವುದು ಅನೇಕ ನಾಡುಗಳಲ್ಲಿ ಕಂಡುಬರುವ ಸಂಗತಿ. ಇಂಗ್ಲೆಂಡಿನ ರಾಬಿನ್ ಹುಡ್‌ನ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿಯೂ ಇಂತಹ ಹಾಡು ಆಟಗಳಿಗೆ ಕೊರತೆಯಿಲ್ಲ. ಆದರೆ ಕಳವನ್ನೂ ಕೊಲೆಯನ್ನೂ ನಿಷೇಧಿಸಿದ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವೂ ಇದೇ ಸೀಮೆಯಲ್ಲಿದೆ. ಆದುದರಿಂದ ಶರಣಧರ್ಮವನ್ನು ನಂಬಿದವರು ಈ ಹಾಡುಗಳನ್ನು ಯಾವ ದೃಷ್ಟಿಯಿಂದ ಸ್ವೀಕರಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲಿಗೆ ಹಲಗಲಿಯ ಬೇಡರ ಲಾವಣಿಯನ್ನು ಪರಿಶೀಲಿಸಬಹುದು. 1857ರಲ್ಲಿ ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಸಿಯುವ ಕಾಯಿದೆಯನ್ನು ಜಾರಿಗೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಮಣಿಯಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರು ಗಲ್ಲಿಗೇರಿದರು. ಈ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವನು ಅದೇ ಆಂಗ್ಲ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ ಎಂಬುದು ಗಮನಾರ್ಹ.

ಲಾವಣಿಕಾರನು ಜಡಗ, ಬಾಲರಂಥವರ ಶೌರ್ಯವನ್ನು ವರ್ಣಿಸುತ್ತಾನೆ, ನಿಜ. ಆದರೆ ಕೃತಿಯ ಹೃದಯವಿರುವುದು ಕಾಳಗದಲ್ಲಲ್ಲ, ಲೂಟಿಯಾದ ವಸ್ತುಗಳ ಪಟ್ಟಿಯಲ್ಲಿ. ಉಪ್ಪು, ಎಣ್ಣೆ, ಹಾಲು, ಬೆಲ್ಲ, ಕೊನೆಗೆ ಬೀಸುವ ಕಲ್ಲು ಕೂಡ ಹೋಯಿತೆಂದು ಅವನು ಎಣಿಸುತ್ತಾನೆ. ಇವು ದರೋಡೆಕಾರರ ಭಂಡಾರದ ಸಾಮಗ್ರಿಗಳಲ್ಲ; ದುಡಿದುಂಡವರ ಅಡುಗೆಮನೆಯ ಸಾಮಗ್ರಿಗಳು. ಕಳ್ಳರು ಯಾರೆಂಬುದನ್ನು ಕವಿ ಬಾಯಿಬಿಟ್ಟು ಹೇಳುವುದಿಲ್ಲ, ಪಟ್ಟಿಯೇ ಹೇಳುತ್ತದೆ. ಬೇಟೆ, ಕಾವಲುಗಳಿಂದ ಬದುಕಿದವರಿಗೆ ಆಯುಧವೆಂದರೆ ಕಾಯಕದ ಸಾಧನ. ಅದನ್ನು ಉಳಿಸಿಕೊಳ್ಳಲು ಹೋರಾಡಿದವರನ್ನು ವೀರರೆನ್ನಲು ಶರಣಧರ್ಮದ ಅಡ್ಡಿಯಿರಲಾರದು.

ಸಿಂಧೂರ ಲಕ್ಷ್ಮಣನ ವಿಷಯ ಇಷ್ಟು ಸರಳವಲ್ಲ. ಜತ್ತ ಸಂಸ್ಥಾನದ ಈ ಬಂಡುಗಾರ 1920ರ ದಶಕದ ಆರಂಭದಲ್ಲಿ ಹತನಾದ. ಉಳ್ಳವರಿಂದ ಸುಲಿದು ಬಡವರಿಗೆ ಹಂಚಿದನೆಂಬ ಖ್ಯಾತಿ ಅವನದು. ವೃತ್ತಿ ನಾಟಕ ಕಂಪನಿಗಳು ಅವನ ಕಥೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ರಂಗದ ಮೇಲೆ ಅವನು ಹಣದ ಗಂಟು ಬಿಚ್ಚಿದಾಗ ಬೀಳುವ ಚಪ್ಪಾಳೆ ಬಡವರ ನೋವಿನಿಂದ ಹುಟ್ಟಿದ್ದು. ಅದನ್ನು ಹಗುರಾಗಿ ಕಾಣಲಾಗದು. ಆದರೂ ಆ ದಾನವನ್ನು ದಾಸೋಹವೆನ್ನಲು ಬಾರದು. ದಾಸೋಹದ ಬೇರು ಸತ್ಯಶುದ್ಧ ಕಾಯಕದಲ್ಲಿದೆ; ಸುಲಿದು ತಂದುದು, ಬಡವನ ಕೈಸೇರಿದರೂ, ಪ್ರಸಾದವಾಗದು.

ಹಾಗೆಂದು ಶರಣರು ಕಳ್ಳನನ್ನು ತಳ್ಳಿಹಾಕಿದವರಲ್ಲ. ಹಸುಗಳನ್ನು ಕದ್ದೊಯ್ದವರ ಹಿಂದೆಯೇ ಬಸವಣ್ಣನವರು ಕರುಗಳನ್ನೂ ಕಳುಹಿಸಿಕೊಟ್ಟ ಕಥೆ ಭಕ್ತರಿಗೆಲ್ಲ ತಿಳಿದುದೇ. ಕನ್ನವಿಕ್ಕುತ್ತಿದ್ದ ಮಾರಿತಂದೆ ವಚನಕಾರರ ಸಾಲಿನಲ್ಲಿ ನಿಂತ. ಹಳೆಯ ಹೆಸರನ್ನು ಮರೆಮಾಡಲೂ ಇಲ್ಲ. ಇಲ್ಲಿ ಕಳ್ಳನಿಗೆ ಮನ್ನಣೆಯುಂಟು, ಕಳವಿಗಿಲ್ಲ.

ಈ ವಿವೇಕವನ್ನು ಲಾವಣಿ ಉಳಿಸಿಕೊಂಡಿದೆ. ನಾಟಕ ಹಲವೊಮ್ಮೆ ಮರೆಯುತ್ತದೆ. ಜನಪದದ ವೀರನನ್ನು ಅಳೆಯುವಾಗ ಸರಕಾರ ಇಟ್ಟ ಹೆಸರೂ ಸಾಲದು, ಸಭೆಯ ಚಪ್ಪಾಳೆಯೂ ಸಾಲದು. ಅವನು ಯಾರ ಬೀಸುವ ಕಲ್ಲನ್ನು ಉಳಿಸಿದ, ಯಾರದನ್ನು ಕಸಿದ ಎಂಬುದೇ ಒರೆಗಲ್ಲು.