ಎಣಿಸಬೇಕಾದ್ದು ಹಳದಿ ತಂತಿ

ರಾಜಾನುಕುಂಟೆಯಲ್ಲಿ ಕಂಪ್ಯೂಟರ್ ಜೋಡಿಸಲು ಕೂತವನಿಗೆ ಒಂದು ಕೇಬಲ್ ಕಡಿಮೆ ಬಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರೋಡಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಹಾಗಾಗಿ ಇದ್ದದ್ದರಲ್ಲೇ ಅಡ್ಜಸ್ಟ್ ಮಾಡುವ ರೂಢಿ ಬೆಳೆದಿದೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನ ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದೂ ಅದೇ. ಮದರ್‌ಬೋರ್ಡಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಸಾಕೆಟ್. ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬಂದದ್ದು 4 ಪಿನ್ನಿನ ಕನೆಕ್ಟರ್. “ಅಂಗಡಿಯವ್ರು ನಡೆಯುತ್ತೆ ಅಂದ್ರು ಅಂಕಲ್” ಎಂದ.

ಆ ‘ನಡೆಯುತ್ತೆ’ ಪೂರ್ತಿ ಸುಳ್ಳಲ್ಲ. 2000ರಲ್ಲಿ ಪೆಂಟಿಯಮ್ 4ರ ಕಾಲಕ್ಕೆ ಬಂದ 4 ಪಿನ್ನಿನ ಕನೆಕ್ಟರಿನಲ್ಲಿ ಎರಡು ಹಳದಿ, ಎರಡು ಕಪ್ಪು ತಂತಿಗಳಿವೆ. ಹಳದಿ 12 ವೋಲ್ಟ್, ಕಪ್ಪು ಗ್ರೌಂಡ್. ಪಿನ್ನಿಗೆ 8 ಆಂಪಿಯರ್ ಎಂದು ಹಿಡಿದರೂ 192 ವ್ಯಾಟ್ ಆಯಿತು. ಹುಡುಗನ ಐ5-12400 ಪ್ರೊಸೆಸರಿನ ಗರಿಷ್ಠ ಟರ್ಬೊ ಬೇಡಿಕೆ 117 ವ್ಯಾಟ್. ಬೋರ್ಡಿನಲ್ಲಿ ಸೋರುವುದನ್ನು ಸೇರಿಸಿದರೂ ಮಿತಿಯೊಳಗೇ ಇದೆ. ಅದೇ ಮಾತನ್ನು 253 ವ್ಯಾಟಿನ ಐ9-14900ಕೆಗೂ ಹೇಳಿದರೆ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಲು ಬಹಳ ದಿನ ಬೇಕಾಗಲಿಕ್ಕಿಲ್ಲ.

ಪ್ರೊಸೆಸರಿಗೆ ವಿದ್ಯುತ್ ಕೊಡುವ ಈ ಕನೆಕ್ಟರಿನ ವಿನ್ಯಾಸಕ್ಕೆ ಮೆಚ್ಚುಗೆ ಸಲ್ಲಬೇಕು. 4+4 ಎಂದು ಎರಡಾಗಿ ಬಿಡಿಸಿಕೊಳ್ಳುವ ಪ್ಲಗ್ ಹಳೆಯ ಬೋರ್ಡಿಗೂ ಹೊಸದಕ್ಕೂ ಹೊಂದುತ್ತದೆ. ಕೆಲವು ಪಿನ್ ಚೌಕ, ಕೆಲವದರ ಮೂಲೆ ಕತ್ತರಿಸಿದಂತೆ. ತಿರುಗುಮುರುಗಾಗಿ ಕೂರದಿರಲಿ ಎಂದೇ ಹಾಗೆ ಮಾಡಿದ್ದಾರೆ. ಆದರೆ ಗ್ರಾಫಿಕ್ಸ್ ಕಾರ್ಡಿನ 6+2 ಪ್ಲಗ್ಗೂ ನೋಡಲು ಇದರ ತಮ್ಮನಂತೆಯೇ ಇದೆ. ಅದರಲ್ಲಿ ಹಳದಿ ಮೂರೇ, ಕಪ್ಪು ಐದು, ಸಾಲುಗಳೂ ಅದಲುಬದಲು. ಒತ್ತಿ ತುರುಕಿದರೆ 12 ವೋಲ್ಟು ನೇರ ಗ್ರೌಂಡಿಗೆ ಮುಟ್ಟುತ್ತದೆ. ಇಷ್ಟು ಹೋಲುವಂತೆ ಮಾಡಿದ್ದು ವಿನ್ಯಾಸಕಾರರ ತಪ್ಪೇ. ಕೇಬಲ್ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳ ಕಥೆ ಇನ್ನೂ ಕೆಟ್ಟದು: ಪೆಟ್ಟಿಗೆಯ ಕಡೆಯ ಪಿನ್‌ಗಳಿಗೆ ಒಂದೇ ನಿಯಮವಿಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರಲ್ಲಿ ಸಲೀಸಾಗಿ ಕೂತು ಬೋರ್ಡನ್ನೇ ಸುಡಬಹುದು.

ಮಾರಾಟದ ರೂಢಿಯಲ್ಲಿ ನನಗೆ ಒಪ್ಪಲಾಗದ್ದು ಎರಡು. ಒಂದು, ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ಕನೆಕ್ಟರನ್ನು 8 ಪಿನ್ನಿಗೆ ತಿರುಗಿಸುವ ಅಗ್ಗದ ಅಡಾಪ್ಟರ್. ಸಾಟಾದ 12 ವೋಲ್ಟಿನ ಮಿತಿಯೇ 4.5 ಆಂಪಿಯರ್, ಅಂದರೆ 54 ವ್ಯಾಟ್. ಎಂಟು ಪಿನ್ ಕಂಡಾಕ್ಷಣ ಶಕ್ತಿ ಹುಟ್ಟುವುದಿಲ್ಲ. ಇನ್ನೊಂದು, ಪೆಟ್ಟಿಗೆಯ ಮೇಲಿನ ದಪ್ಪ ಅಕ್ಷರ. ಹುಡುಗನ ಎಸ್‌ಎಂಪಿಎಸ್ ಮೇಲೆ ‘450 ವ್ಯಾಟ್’ ಎಂದಿತ್ತು. ಟಾರ್ಚ್ ಹಿಡಿದು ಚೀಟಿ ಓದಿದರೆ 12 ವೋಲ್ಟಿನ ಎದುರು 18 ಆಂಪಿಯರ್. ಗುಣಿಸಿದರೆ 216 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಿನ್ನುವುದು ಈ 216ರಲ್ಲೇ. ಉಳಿದ ಅಂಕಿ ಅಲಂಕಾರಕ್ಕೆ.

ಹಾಗಾಗಿ ನನ್ನ ತೀರ್ಪು ಇಷ್ಟು: ಈಗಿರುವಂತೆ ಹುಡುಗನ ಕಂಪ್ಯೂಟರ್ 4 ಪಿನ್ನಿನಲ್ಲೇ ಓಡಲಿ. ಅವನು ಆಸೆಪಟ್ಟಿರುವ ಗ್ರಾಫಿಕ್ಸ್ ಕಾರ್ಡ್ ಬರುವ ದಿನ ಎಸ್‌ಎಂಪಿಎಸ್ ಬದಲಾಗಲೇಬೇಕು, ಅಡಾಪ್ಟರ್ ಪರಿಹಾರವಲ್ಲ. ನೀವೂ ಅಂಗಡಿಗೆ ಹೋದಾಗ ವ್ಯಾಟ್ ಕೇಳುವ ಮೊದಲು ಹಳದಿ ತಂತಿ ಎಣಿಸಿ, ಚೀಟಿಯಲ್ಲಿ 12 ವೋಲ್ಟಿನ ಸಾಲು ಓದಿ.