ತುಪ್ಪುಳದ ಚೀಲ

ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರು ಅಕ್ಟೋಬರ್, ನವೆಂಬರ್ ಚಳಿಯಲ್ಲಿ ರಸ್ತೆಯಿಂದ ಮೈಲಿಗಟ್ಟಲೆ ದೂರ ಬೀಡುಬಿಡುತ್ತಾರೆ. ಬೇಟೆ ಸಿಕ್ಕರೆ ಎಷ್ಟೋ ಸಲ ಮಾಂಸವನ್ನೂ ಬೆನ್ನ ಮೇಲೆಯೇ ಹೊತ್ತು ತರಬೇಕು. ಹಾಗಾಗಿ ಸ್ಲೀಪಿಂಗ್ ಬ್ಯಾಗಿನ ಒಂದೊಂದು ಗ್ರಾಮಿಗೂ ಲೆಕ್ಕವುಂಟು.

ಹೆಬ್ಬಾತಿನ ತುಪ್ಪುಳ ತುಂಬಿದ ಚೀಲವೆಂದರೆ ನನಗೆ ಬಲು ಮೆಚ್ಚು. ‘ಫಿಲ್ ಪವರ್ 850’ ಎಂದರೆ ಒಂದು ಔನ್ಸ್, ಅಂದರೆ ಬರೀ 28 ಗ್ರಾಂ ತುಪ್ಪುಳ ಉಬ್ಬಿಕೊಂಡು 850 ಘನ ಅಂಗುಲ ಜಾಗ ತುಂಬುತ್ತದೆ. ಸುಮಾರು 14 ಲೀಟರ್! ಮೈಯ ಬಿಸಿ ಕಾಯುವುದು ಅದರೊಳಗೆ ಸಿಕ್ಕಿಕೊಂಡ ಗಾಳಿ. ಕಸುಬುದಾರಿಕೆ ಕಾಣುವುದು ಹೊಲಿಗೆಯಲ್ಲಿ. ಹೊರಬಟ್ಟೆಗೂ ಒಳಬಟ್ಟೆಗೂ ನೇರ ಹೊಲಿಗೆ ಹಾಕಿದರೆ ಆ ಗೆರೆಯುದ್ದಕ್ಕೂ ಚಳಿ ನುಗ್ಗುತ್ತದೆ. ಅದಕ್ಕೇ ನಡುವೆ ತೆಳು ಜಾಲರಿಯ ಗೋಡೆಗಳನ್ನು ಎಬ್ಬಿಸುತ್ತಾರೆ. ಜಿಪ್ಪಿನ ಉದ್ದಕ್ಕೆ ತುಪ್ಪುಳದ ಒಂದು ಸುರುಳಿ, ಕತ್ತಿನ ಸುತ್ತ ಇನ್ನೊಂದು. ಎಂಥ ಮುತುವರ್ಜಿ!

ತುಪ್ಪುಳಕ್ಕೆ ನೀರೇ ಶತ್ರು. ಅಲಾಸ್ಕಾ ಕರಾವಳಿಯಂಥ ಮಳೆಸೀಮೆಗೆ ತೂಕ ಹೆಚ್ಚಾದರೂ ಸಿಂಥೆಟಿಕ್ಕೇ ಸರಿ. ಕೊಳ್ಳುವಾಗ ಚೀಲದ ಮೇಲಿನ ‘ಲಿಮಿಟ್’ ಉಷ್ಣಾಂಶ ಬಿಟ್ಟು, ಹಾಯಾಗಿ ಮಲಗಬಹುದಾದ ಚಳಿಯನ್ನು ಹೇಳುವ ‘ಕಂಫರ್ಟ್’ ಅಂಕಿ ನೋಡಿ. ಮೈಭಾರಕ್ಕೆ ಅಡಿಯ ತುಪ್ಪುಳ ಚಪ್ಪಟೆಯಾಗುವುದರಿಂದ ಒಳ್ಳೆಯ ಮ್ಯಾಟೂ ಬೇಕು. ಮನೆಗೆ ಬಂದಮೇಲೆ ಒತ್ತಿ ಕಟ್ಟಿಡಬೇಡಿ. ಸಡಿಲವಾಗಿ ತೂಗುಹಾಕಿ, ವರ್ಷಾನುಗಟ್ಟಲೆ ಬಾಳುತ್ತದೆ.